ಅಂಕಿಗೆ ವೇಷ ಕಟ್ಟಿದ ವರ್ಷ

ಕಳೆದ ತಿಂಗಳು ಕುಮಟಾದ ಕ್ಷೌರದಂಗಡಿಯಲ್ಲಿ ಕೂತಿದ್ದೆ. ಮೊಮ್ಮಗಳ ನಾಮಕರಣದಲ್ಲಿ ಫೋಟೋ ತೆಗೆಯುತ್ತಾರೆ, ತಲೆ ಸ್ವಲ್ಪ ಕಪ್ಪಗಿರಲಿ ಎಂದು ಮನೆಯವಳ ಅಪ್ಪಣೆಯಾಗಿತ್ತು. ಅಂಗಡಿಯವನು ಬಟ್ಟಲಲ್ಲಿ ಬಣ್ಣ ಕಲಸಿ ಮೂಗಿನ ಹತ್ತಿರ ತಂದನೋ ಇಲ್ಲವೋ, ನಾನು ಕುರ್ಚಿ ಬಿಟ್ಟು ಬಾಗಿಲ ಹೊರಗೆ ನಿಂತಿದ್ದೆ, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ. "ಎಂತ ಆತು ಮಾರಾಯ್ರೆ?" ಎಂದು ಅವನು ಹಿಂದೆಯೇ ಬಂದ. ಏನೆಂದು ಹೇಳುವುದು? ಬಣ್ಣದಲ್ಲಿ ಅಮೋನಿಯಾ ಇತ್ತು. ಆ ವಾಸನೆ ಬಂದರೆ ಮೊದಲು ಬಾಗಿಲಿಗೆ ಹೋಗು, ಯೋಚನೆ ಆಮೇಲೆ ಮಾಡು ಎಂದು ನನ್ನ ಕಾಲಿಗೆ ಕಲಿಸಿದ್ದು ಹೊನ್ನಾವರ ಬಂದರಿನ ಒಂದು ಐಸ್ ಪ್ಲಾಂಟ್. ತಲೆ ಮರೆತರೂ ಕಾಲು ಮರೆತಿಲ್ಲ. ಅರ್ಧ ಕಪ್ಪು, ಅರ್ಧ ಬಿಳಿ ತಲೆಯಲ್ಲೇ ಮನೆಗೆ ಬಂದು ಬೈಗುಳ ತಿಂದೆ. ಆದರೆ ಆ ವಾಸನೆ ಎರಡು ದಿನ ನನ್ನನ್ನು ಬಿಡಲಿಲ್ಲ, ಅದರ ಹಿಂದೆಯೇ ಆ ವರ್ಷವೂ ಬಂತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹೊಳನಗದ್ದೆಯವನು, ಡಿಪ್ಲೊಮಾ ಮುಗಿಸಿ ಶರಾವತಿ ದಂಡೆಯ ಆ ಐಸ್ ಪ್ಲಾಂಟಿನಲ್ಲಿ ಶಿಫ್ಟ್ ಆಪರೇಟರ್ ಆಗಿ ಸೇರಿ ಹೆಚ್ಚು ಸಮಯವಾಗಿರಲಿಲ್ಲ. ಮಾಲೀಕರು ಭಟ್ಕಳದ ಮೊಹಿದ್ದೀನ್ ಸಾಹೇಬರು, ಬಿಳಿ ಜುಬ್ಬಾದ ಮೇಲೆ ಒಂದು ಎಣ್ಣೆ ಕಲೆ ಬಿದ್ದರೂ ದಿನವಿಡೀ ಅದನ್ನೇ ನೋಡಿಕೊಳ್ಳುವ ಮನುಷ್ಯ. ಹೆಡ್ ಆಪರೇಟರ್ ಕರ್ಕಿಯ ಶಂಕರಣ್ಣ. ಐವತ್ತರ ಹತ್ತಿರದ ವಯಸ್ಸು, ಏಳನೇ ಇಯತ್ತೆ ಪಾಸು, ಮದ್ದಳೆ ಬಾರಿಸಿ ಬಾರಿಸಿ ಗಂಟು ಕಟ್ಟಿದ ಬೆರಳು. ಊರಿನ ಹವ್ಯಾಸಿ ಯಕ್ಷಗಾನ ಮೇಳದಲ್ಲಿ ಅವನಿಲ್ಲದೆ ಆಟ ಸುರುವಾಗುತ್ತಿರಲಿಲ್ಲ. ಹಳೆಯ ಕಂಪ್ರೆಸರಿನ ಮೇಲೂ ಅವನು ಮದ್ದಳೆಯ ಮೇಲೆ ಇಟ್ಟ ಹಾಗೆಯೇ ಅಂಗೈ ಇಡುತ್ತಿದ್ದ. ನನ್ನನ್ನು "ತಮಾ" ಎಂದು ಕರೆಯುತ್ತಿದ್ದ, ಡಿಪ್ಲೊಮಾದ ವಿಷಯ ಬಂದರೆ ಮಾತ್ರ "ಇಂಜಿನೇರ್ರೆ" ಎನ್ನುತ್ತಿದ್ದ.

ಆ ಮಳೆಗಾಲದಲ್ಲಿ ದೋಣಿಗಳೆಲ್ಲ ದಂಡೆಗೆ ಏರಿದ ಮೇಲೆ ಸಾಹೇಬರು ಹಳೆಯ ಕಂಪ್ರೆಸರ್ ತೆಗೆಸಿ ಹೊಸದನ್ನು ತರಿಸಿದರು. ಪೈಪುಗಳು ಹಳೆಯವೇ ಉಳಿದವು. ಯಂತ್ರದ ಜೊತೆ ಒಂದು ಪ್ಯಾನೆಲ್ ಬಂತು, ಗೋದ್ರೇಜ್ ಕಪಾಟಿನಷ್ಟು ಎತ್ತರದ ಬೂದು ಬಣ್ಣದ ಪೆಟ್ಟಿಗೆ. ಅದರ ಎದೆಯ ಮೇಲೆ ಒಂದು ಕಪ್ಪು ಗಾಜಿನ ಪಟ್ಟಿ, ಗಾಜಿನೊಳಗೆ ಕೆಂಪು ಬೆಳಕಿನಲ್ಲಿ ಅಂಕಿ. ಹೊರಗೆ ಶರಾವತಿ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು, ಹಗಲಲ್ಲೇ ಕತ್ತಲೆ. ಆ ಕತ್ತಲೆಯಲ್ಲಿ ಗಾಜಿನ ಪಟ್ಟಿ ಹೊತ್ತಿಕೊಂಡಾಗ ನಾವೆಲ್ಲ ಹತ್ತಿರ ಸರಿದೆವು. ಐಸ್ ಹೊರುವವರು ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದರು. ಒಬ್ಬ ಕೈ ಮುಗಿದೂ ಬಿಟ್ಟ. ಪ್ಲಾಂಟಿನ ಮೂಲೆ ಮೂಲೆಯಲ್ಲಿ ಏನಾಗುತ್ತಿದೆ ಎಂದು ಆ ಪೆಟ್ಟಿಗೆಗೆ ತಂತಿಯಲ್ಲಿ ಸುದ್ದಿ ಬರುತ್ತಿತ್ತು. ಬಂದ ಸುದ್ದಿಯನ್ನು ಅದು ನಮಗೆ ಹೇಳುವುದು ಮಾತ್ರ ಅಂಕಿಯಲ್ಲಿ.

ಅಲ್ಲೇ ತೊಡಕಾಯಿತು. ಬಜರ್ ಕೂಗಿ ೧೭ ಬಂದರೆ ಒತ್ತಡ ಮಿತಿ ಮೀರಿ ಕಂಪ್ರೆಸರ್ ತಾನಾಗಿ ನಿಂತಿದೆ ಎಂದು ಅರ್ಥ. ೧೬ ಬಂದರೆ ಒತ್ತಡ ಏರುತ್ತಿದೆ, ನಿಲ್ಲುವ ಮೊದಲೇ ಏನಾದರೂ ಮಾಡು ಎಂದು ಅರ್ಥ. ೬೧ ಬಂದರೆ ಐಸ್ ಕೋಣೆಯ ಬಾಗಿಲು ಹಾಕಿಲ್ಲ, ಅಷ್ಟೇ. ಹೀಗೆ ಎಷ್ಟೋ ಅಂಕಿ. ಶಂಕರಣ್ಣ ಹಗಲೂ ರಾತ್ರಿ ಬಾಯಿಪಾಠ ಮಾಡಿದ. ಆದರೆ ಬಜರ್ ಕೂಗಿದ ಕೂಡಲೇ ಅವನ ತಲೆಯಲ್ಲಿ ಹದಿನಾರೂ ಅರವತ್ತೊಂದೂ ಕೈ ಕೈ ಹಿಡಿದು ಕುಣಿಯುತ್ತಿದ್ದವು. ಒಮ್ಮೆ ಬಾಗಿಲು ಹಾಕಲು ಹೋಗುವ ಬದಲು ಇಡೀ ಪ್ಲಾಂಟನ್ನೇ ನಿಲ್ಲಿಸಿದ. "ಇದಕ್ಕೆ ಬಾಯಿ ಅದೆ, ಭಾಷೆ ಇಲ್ಲ ತಮಾ" ಎಂದು ಬೇಸರದಿಂದ ಹೇಳಿದ. ನಾನು ತಮಾಷೆಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ. ಅವನು ನಗಲಿಲ್ಲ.

ಪ್ಯಾನೆಲ್ ಜೋಡಿಸಲು ಬಂದವರು ಧಾರವಾಡದ ವನಮಾಲಾ ಮೇಡಂ. ಮುಂಬೈಯ ಕಂಪನಿಯಲ್ಲಿ ಇಂಜಿನಿಯರ್, ಮೂವತ್ತು ತುಂಬಿರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಡೆನ್ಸರಿನ ಏಣಿ ಹತ್ತುವುದನ್ನು ನೋಡಲು ಮೀನಿನ ಹೆಂಗಸರು ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಶಂಕರಣ್ಣ ಅವರನ್ನು ಶಾಲೆಯ ಟೀಚರಿಗೆ ಹೇಳುವ ಹಾಗೆ "ಅಕ್ಕೋರೆ" ಎನ್ನುತ್ತಿದ್ದ. ಅವನ ಪರದಾಟವನ್ನು ಮೇಡಂ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಚೀಲದಿಂದ ಕ್ಯಾಲ್ಕ್ಯುಲೇಟರಿನಂತಹ ಒಂದು ಪೆಟ್ಟಿಗೆ ತೆಗೆದು ಪ್ಯಾನೆಲ್ಲಿಗೆ ವೈರ್ ಸಿಕ್ಕಿಸಿದರು.

"ಅಂಕಿ ಬದಲಿಗೆ ಅಕ್ಷರ ತೋರಿಸೂ ಹಂಗ ಮಾಡಬಹುದ್ರಿ. ಈ ಸಾಫ್ಟ್‌ವೇರಿನ್ಯಾಗ ಒಂದು ಕೋಷ್ಟಕ ಐತಿ. ಪ್ರತಿ ಅಂಕಿ ಮುಂದ ಒಂದ ಹೆಸರು ಬರದರ ಸಾಕು. ಆದರ ಎಂಟ ಅಕ್ಷರ. ಅದೂ ಇಂಗ್ಲಿಷ್ ಅಕ್ಷರ. ಒಂಬತ್ತನೇದಕ್ಕ ಜಾಗಾ ಇಲ್ಲ."

ಸಾಫ್ಟ್‌ವೇರ್ ಎಂಬ ಶಬ್ದವನ್ನು ನಮ್ಮ ಬಂದರಿನಲ್ಲಿ ಆಡಿದವರಲ್ಲಿ ಅವರೇ ಮೊದಲಿಗರು ಎಂದು ನನ್ನ ನಂಬಿಕೆ. ಮೊದಲು ಇಂಗ್ಲಿಷಿನ ಶಬ್ದಗಳನ್ನು ಕತ್ತರಿಸಿ ತುಂಬಿದರು. ಡಿಸ್ಚಾರ್ಜ್ ಪ್ರೆಶರ್ ಹೈ ಎಂಬುದು ಎಂಟು ಅಕ್ಷರಕ್ಕೆ ಇಳಿದಾಗ ನನಗೇ ಅರ್ಥವಾಗಲಿಲ್ಲ. ಶಂಕರಣ್ಣ ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲ, ಆದರೆ ಓದಿ ಏನು ಮಾಡುವುದು? ಅಂಕಿಯೇ ವಾಸಿ, ಹಳೇ ಗಂಡನ ಪಾದವೇ ಗತಿ ಎಂದ. ಕನ್ನಡ ಶಬ್ದ ಹಾಕೋಣವೆಂದರೆ, ಕಂಡೆನ್ಸರಿನ ನೀರು ನಿಂತು ಒತ್ತಡ ಏರುತ್ತಿದೆ ಎಂಬುದನ್ನು ಎಂಟು ಅಕ್ಷರದಲ್ಲಿ ಹೇಳುವ ಶಬ್ದ ಯಾವ ಕನ್ನಡದಲ್ಲಿದೆ?

ಮೇಡಂ ಅವನನ್ನೇ ಕೇಳಿದರು. "ಹದಿನೇಳು ಬಂತಂದ್ರ ನಿಮ್ಮ ಮನಸಿನ್ಯಾಗ ಏನು ಬರತೈತ್ರಿ? ನೀವ ಹೇಳ್ರಿ."

ಶಂಕರಣ್ಣ ಗಲ್ಲ ಕೆರೆದುಕೊಂಡ. "ಎಂತ ಬರುದು ಅಕ್ಕೋರೆ. ರಾಕ್ಷಸ ಬಂದ ಹಾಂಗೆ ಆಗ್ತದೆ. ಬಣ್ಣದ ವೇಷ."

ಮೇಡಂ ಅಷ್ಟನ್ನೇ ಒತ್ತಿದರು. ಬಣ್ಣ, ಇಂಗ್ಲಿಷಿನಲ್ಲಿ ಐದೇ ಅಕ್ಷರ. ಪರೀಕ್ಷೆಗೆಂದು ಒಂದು ತಂತಿ ಮುಟ್ಟಿಸಿದರು. ಬಜರ್ ಕೂಗಿತು. ಗಾಜಿನ ಪಟ್ಟಿಯಲ್ಲಿ ಹದಿನೇಳು ಬರಬೇಕಾದಲ್ಲಿ ಕೆಂಪಗೆ ಬಣ್ಣ ಎಂದು ಬಂದು ನಿಂತಿತು.

ನನಗೆ ಮೈ ಜುಮ್ಮೆಂದಿತು. ಈಗ ಹೇಳಿದರೆ ನಗುತ್ತಾರೆ, ನನ್ನ ಮಗನೇ ನಗುತ್ತಾನೆ. ಆದರೆ ಕಬ್ಬಿಣದ ಪೆಟ್ಟಿಗೆಯೊಂದು ಮೊದಲ ಸಲ ನಮ್ಮ ಮಾತು ಆಡಿದ್ದನ್ನು ಕಂಡವರಿಗೆ ಮಾತ್ರ ಅದು ಗೊತ್ತು. ಶಂಕರಣ್ಣ ಹತ್ತಿರ ಹೋಗಿ ಗಾಜನ್ನು ಬೆರಳಿನಿಂದ ಮುಟ್ಟಿದ. "ಹದಿನೇಳು ಎಲ್ಲಿಗೆ ಹೋತು?" ಎಂದು ಕೇಳಿದ.

"ಎಲ್ಲೂ ಹೋಗಿಲ್ರಿ. ಒಳಗ ಅದು ಹದಿನೇಳ ಅದ. ಯಂತ್ರಕ್ಕ ಬ್ಯಾರೆ ಏನೂ ಗೊತ್ತಾಗೂದಿಲ್ಲ. ಹೊರಗ ನಮಗ ಕಾಣಿಸೋವಾಗ ಮಾತ್ರ ಹೆಸರು ಹಾಕ್ಕೊಂಡು ಬರತದ."

ಶಂಕರಣ್ಣನ ಮುಖ ಬೆಳಗಿತು. "ಹಾಂಗಾರೆ ನಿಮ್ಮ ಕೋಷ್ಟಕ ಅಂದ್ರೆ ಚೌಕಿ. ಒಳಗೆ ಬರುವಾಗ ನಮ್ಮೂರ ಸುಬ್ರಾಯನೇ. ಬಣ್ಣ ಬಳಕಂಡು ಹೊರಗೆ ಹೋಗುವಾಗ ರಾವಣ."

ಚೌಕಿ ಎಂದರೆ ಆಟದವರು ವೇಷ ಕಟ್ಟಿಕೊಳ್ಳುವ ಜಾಗ ಎಂದು ನಾನು ಮೇಡಂಗೆ ಬಿಡಿಸಿ ಹೇಳಿದೆ. ಕಾಲೇಜಿನಲ್ಲಿ ನಮಗೆ ಇಷ್ಟು ಚೆಂದ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಅವರು ತಲೆದೂಗಿದರು. ಆ ಮಧ್ಯಾಹ್ನ ಮಳೆ ಬಡಿಯುತ್ತಿರುವಾಗ ನಾವು ಮೂವರೂ ಮಣೆ ಹಾಕಿ ಕೂತು ಅಂಕಿಗಳಿಗೆಲ್ಲ ವೇಷ ಕಟ್ಟಿದೆವು. ಬಾಗಿಲು ಹಾಕದ ಅರವತ್ತೊಂದಕ್ಕೆ ಹಾಸ್ಯ. ಉಪ್ಪುನೀರು ಕಲಕುವ ಯಂತ್ರ ನಿಂತರೆ ಕೋಡಂಗಿ. ಎಲ್ಲವೂ ನಿಂತರೆ, ಆಟ ಮುಗಿಸುವ ಮಂಗಳ. ಬಣ್ಣದ ವೇಷಕ್ಕಿಂತ ಮೊದಲು ಬರುವ ಹದಿನಾರಕ್ಕೆ, ಇನ್ನೇನು, ತೆರೆ. ರಾಕ್ಷಸ ರಂಗಕ್ಕೆ ಬರುವ ಮೊದಲು ಇಬ್ಬರು ತೆರೆ ಹಿಡಿಯುತ್ತಾರಲ್ಲ, ಹಾಗೆ. ನಮಗೆ ಅದು ಬಹಳ ಸರಿ ಕಂಡಿತು.

ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟರು, ದೋಣಿಗಳು ಇಳಿದವು. ಶಂಕರಣ್ಣ ಈಗ ಪ್ಯಾನೆಲ್ಲಿನ ಮುಂದೆ ಭಾಗವತನ ಹಾಗೆ ಕೂರುತ್ತಿದ್ದ. ಹಾಸ್ಯ ಬಂತೆಂದರೆ "ಹೋಗಾ, ಬಾಗ್ಲು ಹಾಕು" ಎಂದು ಕೂತಲ್ಲಿಂದಲೇ ಕೂಗುತ್ತಿದ್ದ. ಕೋಡಂಗಿ ಬಂದರೆ ತಾನೇ ಹೋಗುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಭಟ್ಕಳದಿಂದ ಸಾಹೇಬರು ಬಂದವರು ಅರ್ಧ ಗಂಟೆ ನಿಂತು ನೋಡಿ, ಗಾಜಿನ ಪಟ್ಟಿಯ ಮೇಲಿನ ಧೂಳನ್ನು ತಮ್ಮ ಕರ್ಚೀಫಿನಿಂದಲೇ ಒರೆಸಿ ಹೋದರು.

ಅಕ್ಟೋಬರಿನಲ್ಲಿ ಬಲೆಗೆ ಬಂಗಡೆ ಮೀನು ಬಿತ್ತು. ಆ ವರ್ಷ ಬಿದ್ದ ಹಾಗೆ ಮತ್ತೆ ನಾನು ನೋಡಿಲ್ಲ. ದೋಣಿ ಕಟ್ಟುವ ಧಕ್ಕೆಯ ಮೇಲೆ ಬೆಳ್ಳಿ ಸುರಿದಂತೆ ರಾಶಿ, ಕಾಲಿಡಲು ಜಾಗವಿಲ್ಲ. ಐಸಿಗೆ ದೋಣಿಯವರು ಜಗಳವಾಡುತ್ತಿದ್ದರು, ಕಂಪ್ರೆಸರಿಗೆ ಬಿಡುವೇ ಇರಲಿಲ್ಲ. ಘಟ್ಟದ ಮೇಲೆ ಮಳೆಯಾಗಿ ಹೊಳೆಯಲ್ಲಿ ಕಸಕಡ್ಡಿ ತೇಲಿ ಬಂದಿತ್ತು. ಅದು ಅಮೋನಿಯಾ ತಣಿಸುವ ಕಂಡೆನ್ಸರಿಗೆ ನೀರು ಎಳೆಯುವ ಪಂಪಿನ ಬಾಯಿಗೆ ಕಟ್ಟಿಕೊಂಡಿತು. ನಮಗೆ ಅದು ಗೊತ್ತಿಲ್ಲ. ಮಧ್ಯಾಹ್ನದ ಹೊತ್ತು. ಶಂಕರಣ್ಣನೂ ನಾನೂ ಊಟಕ್ಕೆ ಕೂತಿದ್ದೆವು. ಬಜರ್ ಕೂಗಿತು. ಇಬ್ಬರೂ ತಲೆ ಎತ್ತಿದೆವು.

"ತೆರೆ ಹಿಡಿದ್ರು" ಎಂದ ಶಂಕರಣ್ಣ. "ಊಟ ಮುಗಿಸು ತಮಾ. ಇನ್ನೂ ಹೊತ್ತದೆ."

ನನಗೂ ಹಾಗೆಯೇ ಅನ್ನಿಸಿತು. ಇದನ್ನು ಬೇರೆ ಊರಿನವರಿಗೆ ಹೇಗೆ ತಿಳಿಸುವುದೋ. ತೆರೆ ಹಿಡಿದರೆಂದರೆ ನಮ್ಮ ಕಡೆ ಯಾರಾದರೂ ಗಡಿಬಿಡಿ ಮಾಡುತ್ತಾರೆಯೇ? ರಾಕ್ಷಸ ತೆರೆಯ ಹಿಂದೆ ಆರ್ಭಟಿಸುತ್ತಾನೆ, ಒಮ್ಮೆ ಕೈ ತೋರಿಸುತ್ತಾನೆ, ಒಮ್ಮೆ ಕಿರೀಟದ ತುದಿ ತೋರಿಸುತ್ತಾನೆ, ಚಂಡೆಯವನ ಕೈ ಸೋಲುವವರೆಗೂ ಆಡಿಸುತ್ತಾನೆ. ನೋಡುವವರು ಚಾ ಕುಡಿದು ಬೀಡಿ ಸೇದಿ ಬಂದರೂ ಅವನಿನ್ನೂ ತೆರೆಯ ಹಿಂದೆಯೇ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಹದಿನಾರು ಎಂದು ಬಂದಿದ್ದರೆ ಹೆದರಿ ಓಡುತ್ತಿದ್ದೆವೋ ಏನೋ. ತೆರೆ ಎಂದು ಬಂದದ್ದರಿಂದ ಇಬ್ಬರೂ ಸಾರು ಬಡಿಸಿಕೊಂಡೆವು.

ಬಣ್ಣ ಬಂತು. ಕಂಪ್ರೆಸರ್ ತಾನಾಗಿ ನಿಂತಿತು. ಆದರೆ ಅಷ್ಟರೊಳಗೆ ಹಳೆಯ ಪೈಪಿನ ಒಂದು ಜಾಯಿಂಟ್ ಬಿಟ್ಟುಕೊಂಡಿತ್ತು. ವಾಸನೆ ಬಂದದ್ದಲ್ಲ, ಹೊಡೆದದ್ದು. ಕಣ್ಣು ಕಾಣುವುದಿಲ್ಲ, ಉಸಿರು ಎಳೆದರೆ ಎದೆಗೆ ಬೆಂಕಿ. ಹೊರಗೆ ಮೀನಿನ ಹೆಂಗಸರು ಸೆರಗನ್ನು ನೀರಲ್ಲಿ ಅದ್ದಿ ಮೂಗಿಗೆ ಹಿಡಿದು ಓಡಿದರು, ಧಕ್ಕೆ ಖಾಲಿಯಾಯಿತು. ಶಂಕರಣ್ಣ ಒದ್ದೆ ಗೋಣಿಚೀಲ ತಲೆಗೆ ಸುತ್ತಿಕೊಂಡು ಒಳಗೆ ನುಗ್ಗಿ ವಾಲ್ವ್ ತಿರುಗಿಸಿದ. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಎರಡು ದಿನ ಐಸ್ ಇಲ್ಲ. ಆ ಬೆಳ್ಳಿಯ ರಾಶಿಯೆಲ್ಲ ಕೊಳೆತು ಗೊಬ್ಬರಕ್ಕೆ ಹೋಯಿತು.

ಸಾಹೇಬರು ಮರುದಿನ ಬಂದರು. ಕೂಗಾಡಲಿಲ್ಲ. ಶಂಕರಣ್ಣನನ್ನು ಹತ್ತಿರ ಕೂರಿಸಿಕೊಂಡೇ ಹೇಳಿದರು. "ಶಂಕರ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ಹೆದರಿಕೆ ಅದೆ. ಧಕ್ಕೆ ತುಂಬ ಜನ. ನಾಳೆ ಒಬ್ರು ಸತ್ರೆ ನಾನು ಅಲ್ಲಾಹುವಿಗೆ ಎಂತ ಹೇಳುದು? ಒಂದನೇ ತಾರೀಕಿಗೆ ಮಂಗಳೂರಿಂದ ಆಪರೇಟರ್ ಬರ್ತಾರೆ. ನೀನು ಬೇರೆ ಎಲ್ಲಾದ್ರೂ ನೋಡು."

"ಆತು ಸಾಹೇಬ್ರೆ" ಎಂದಷ್ಟೇ ಶಂಕರಣ್ಣ ಹೇಳಿದ. ಐವತ್ತರ ವಯಸ್ಸಿನಲ್ಲಿ ಬೇರೆ ಎಲ್ಲಿ ನೋಡುವುದು? ಹೊನ್ನಾವರದಲ್ಲಿ ಅವನಿಗೆ ಗೊತ್ತಿದ್ದ ಕೆಲಸ ಇದೊಂದೇ. ಮನೆಯಲ್ಲಿ ಹೆಂಡತಿ ಗಂಗೆ, ಮದುವೆಗೆ ಬಂದ ಮಗಳು. ಮಾರನೆಯ ದಿನದಿಂದ ಅವನು ಎಂದಿನಂತೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ, ಎಂದಿನಂತೆ ಹೋಗುತ್ತಿದ್ದ. ಮದ್ದಳೆಯ ಬೆರಳು ಮಾತ್ರ ಯಾವುದರ ಮೇಲೂ ಆಡುತ್ತಿರಲಿಲ್ಲ. 

ನಾನು ಅಂಚೆ ಕಚೇರಿಗೆ ಹೋಗಿ, ಮುಂಬೈಗೆ ಮರಳಿದ್ದ ವನಮಾಲಾ ಮೇಡಂಗೆ ಟ್ರಂಕ್ ಕಾಲ್ ಮಾಡಿದೆ. ಅವರು ಬಂದರು. ಸಾಹೇಬರೂ ಬಂದರು. ತೆರೆ ಎಂದು ಬಂದರೂ ನಾವು ಊಟ ಬಿಟ್ಟು ಏಕೆ ಏಳಲಿಲ್ಲ ಎಂದು ಮೇಡಂಗೆ ಅರ್ಥವೇ ಆಗಲಿಲ್ಲ. "ಪರದೆ ಹಿಡದ್ರು ಅಂದ್ರ ರಾಕ್ಷಸ ಬಂದಽ ಬಿಟ್ಟ ಅಂತಲ್ಲೇನ್ರಿ? ಲಗೂನ ಏಳಬೇಕಲ್ಲ?"

ಶಂಕರಣ್ಣ ಎದ್ದು ಹೋದ. ಐಸಿನ ಮೇಲೆ ಹೊದೆಸುವ ಗೋಣಿತಾಟು ತಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ, ಇನ್ನೊಂದನ್ನು ಐಸ್ ಹೊರುವವನ ಕೈಗೆ. ತಾನು ಅದರ ಹಿಂದೆ ಹೋದ. ಕಂಪ್ರೆಸರಿನ ಸದ್ದೇ ಚಂಡೆ. ಒಳಗಿನಿಂದ ಒಂದು ಆರ್ಭಟ ಬಂತು, ದಿನವೂ ನನ್ನ ಜೊತೆ ಕೂತು ಉಣ್ಣುವ ಮನುಷ್ಯನದೆಂದು ನಂಬಲಾಗದ ಆರ್ಭಟ. ಗೋಣಿತಾಟಿನ ಮೇಲೆ ಹತ್ತು ಬೆರಳು ಮೂಡಿದವು, ಅಲುಗಿದವು, ಮಾಯವಾದವು. ಮತ್ತೆ ಆರ್ಭಟ. ತಾಟು ನಡುಗಿತು.  ನೋಡುವುದಕ್ಕೆ ಏನೂ ಇಲ್ಲ, ಒಂದು ಒದ್ದೆ ಗೋಣಿ. ಆದರೂ ಆ ಯಂತ್ರದ ಕೋಣೆಯಲ್ಲಿ ಯಾರೂ ರೆಪ್ಪೆ ಮಿಟುಕಿಸಲಿಲ್ಲ. ಬಹಳ ಹೊತ್ತಿನ ಮೇಲೆ ಸಾಹೇಬರೇ ಕಾಲು ಬದಲಿಸಿ ನಿಂತು ಕೇಳಿದರು. "ಹೊರಗೆ ಯಾವಾಗ ಬರುದು?"

ತಾಟಿನ ಹಿಂದಿನಿಂದ ಶಂಕರಣ್ಣನ ಸಾದಾ ದನಿ ಬಂತು. "ಇನ್ನೂ ಸುರುವೇ ಆಗ್ಲಿಲ್ಲ ಸಾಹೇಬ್ರೆ. ನೀವು ಚಾ ಕುಡ್ಕಂಡು ಬನ್ನಿ."

ಸಾಹೇಬರ ತುಟಿಯಲ್ಲಿ ನಗು ಬಂದು ಹೋಯಿತು. ಮೇಡಂ ಮಾತ್ರ ನಗಲಿಲ್ಲ, ಹಣೆಗೆ ಕೈ ಹಚ್ಚಿ ನಿಂತಿದ್ದರು. "ಹೆಸರು ಅಷ್ಟ ಬಂತು ಅಂತ ತಿಳಕೊಂಡಿದ್ದೆ" ಎಂದರು ನಿಧಾನವಾಗಿ. "ಹೆಸರಿನ ಜೋಡಿ ಅದರ ಹೊತ್ತೂ ಬಂದದ." ಆಮೇಲೆ ಅವನತ್ತ ತಿರುಗಿದರು. "ಶಂಕರಣ್ಣಾರ, ಇದನ್ನ ಹೇಳ್ರಿ. ಆಟದಾಗ ಯಾವಾಗ ನೀವು ಕುಂತಲ್ಲೆ ಕುಂಡ್ರೂದಿಲ್ಲ? ಎಲ್ಲಾ ಬಿಟ್ಟು ಓಡೂದು ಯಾವಾಗ?"

ಅವನು ಗೋಣಿತಾಟು ಮಡಚುತ್ತಿದ್ದವನು ನಿಂತ. ಯೋಚಿಸಲೇ ಇಲ್ಲ. "ಗ್ಯಾಸ್‌ಲೈಟ್ ಸಣ್ಣ ಆದಾಗ" ಎಂದ. ಹೇಳುವಾಗಲೇ ಅವನ ಬಲಗೈ ಗಾಳಿಯಲ್ಲೇ ಆ ಸೀಮೆಎಣ್ಣೆ ದೀಪಕ್ಕೆ ಪಂಪು ಹೊಡೆಯುತ್ತಿತ್ತು. "ರಾಮನೇ ರಂಗದ ಮೇಲಿರ್ಲಿ, ರಾವಣನೇ ಇರ್ಲಿ. ಬೆಳಕು ಸಣ್ಣ ಆತು ಅಂದ್ರೆ ಹತ್ರ ಇದ್ದವ ಓಡುದೇ. ಅದಕ್ಕೆ ಯಾರೂ ಕಾಯುಕಿಲ್ಲ."

ಗ್ಯಾಸ್‌ಲೈಟ್ ಎಂಬುದು, ನಾವು ಆಡುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಸರಿಯಾಗಿ ಎಂಟು ಅಕ್ಷರ ಹಿಡಿಯಿತು. ಒಂದು ಚೂರೂ ಜಾಗ ಉಳಿಯಲಿಲ್ಲ. ಮೇಡಂ ತೆರೆ ಅಳಿಸಿ ಅದನ್ನು ತುಂಬಿದರು. ಸಾಹೇಬರು ಎಲ್ಲವನ್ನೂ ನೋಡಿ, ಮಂಗಳೂರಿನವರಿಗೆ ಮಾತು ಕೊಟ್ಟಾಗಿದೆ ಎಂದಷ್ಟೇ ಹೇಳಿ ಹೊರಗೆ ಹೋದರು.

ಮರುದಿನ ಮಧ್ಯಾಹ್ನ ಶಂಕರಣ್ಣ ಗಂಜಿಯ ಬಟ್ಟಲು ಮುಂದಿಟ್ಟುಕೊಂಡಿದ್ದ. ಸಾಹೇಬರು ಬಾಗಿಲಲ್ಲಿ ಇನ್ಯಾರೊಡನೆಯೋ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಅವರ ಒಪ್ಪಿಗೆಯಿಂದಲೇ ಮೇಡಂ ಹೊರಗೆ ಹೋಗಿ ಪಂಪಿನ ಸ್ವಿಚ್ ಆರಿಸಿ, ಅಪಾಯವಾದರೆ ಎಲ್ಲವನ್ನೂ ನಿಲ್ಲಿಸಲು ಸಜ್ಜಾಗಿ ನಿಂತಿದ್ದರಂತೆ. ಅದು ನನಗೆ ಆಮೇಲೆ ತಿಳಿದದ್ದು. ಬಜರ್ ಕೂಗಿತು. ನಾನು ಗಾಜಿನ ಪಟ್ಟಿಯತ್ತ ತಿರುಗಿ ಮೊದಲಕ್ಷರ ಓದುವುದರೊಳಗೆ ಬಟ್ಟಲು ಉರುಳಿದ ಸದ್ದು ಬಂತು. ನೆಲದ ಮೇಲೆ ಗಂಜಿ, ಗಂಜಿಯ ಮೇಲೆ ಒಂದು ಹೆಜ್ಜೆ ಗುರುತು. ಮನುಷ್ಯ ಇಲ್ಲ. ಸಾಹೇಬರನ್ನು ಭುಜದಿಂದ ತಳ್ಳಿಕೊಂಡೇ ಅವನು ಹೊರಗೆ ಓಡಿದ್ದ, ಆ ಬಿಳಿ ಜುಬ್ಬಾಕ್ಕೆ ಗಂಜಿಯ ಕೈ ಹತ್ತಿತ್ತು. ಬದಲಿಗೆಂದು ಇಟ್ಟಿದ್ದ ಎರಡನೆಯ ಪಂಪು ಸುರುವಾದ ಸದ್ದು ಕೇಳಿತು. ಕಂಡೆನ್ಸರಿನ ಮೇಲೆ ನೀರು ಸುರಿಯತೊಡಗಿತು. ಗಾಜಿನ ಪಟ್ಟಿಯಲ್ಲಿ ಬೆಳಕು ಒಂದು ಸಲ ಮಿನುಗಿ ಆರಿತು. ನಾನು ಬಾಯಿ ತೆರೆದು ನಿಂತೇ ಇದ್ದೆ. ಒಳಗೆ ಯಾವುದೋ ಅಂಕಿ, ಹೊರಗೆ ಎಂಟು ಅಕ್ಷರ, ಅದರಾಚೆ ಕರ್ಕಿಯ ಯಾವುದೋ ಗದ್ದೆಯಲ್ಲಿ ಸಣ್ಣಗಾಗುತ್ತಿದ್ದ ಬೆಳಕು. ಇಷ್ಟೂ ಒಂದು ತಂತಿಯಲ್ಲಿ ಹಾದು ಒಬ್ಬ ಮನುಷ್ಯನ ಕಾಲಿಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಎಷ್ಟೋ ಕಂಪ್ಯೂಟರುಗಳ ಮುಂದೆ ಕೂತು ಕೆಲಸ ಮಾಡಿದ್ದೇನೆ, ಅಂಥದ್ದು ಮತ್ತೆ ಕಂಡಿಲ್ಲ.

ಶಂಕರಣ್ಣ ಏದುಸಿರು ಬಿಡುತ್ತ ಬಂದ. ಸಾಹೇಬರ ಜುಬ್ಬಾ ನೋಡಿ ಅವನ ಮುಖ ಬಿಳುಪಾಯಿತು. ಸಾಹೇಬರೂ ಆ ಕಲೆಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ನನಗೆ ಹೇಳಿದರು. "ಅವನಿಗೆ ಬೇರೆ ಊಟ ತರಿಸಿ ಕೊಡು. ಹಾಂಗೇ ಅಂಚೆ ಕಚೇರಿಗೆ ಹೋಗಿ ಮಂಗಳೂರಿಗೆ ಒಂದು ತಾರು ಹಾಕು. ಬರುದು ಬೇಡ ಅಂತ ಹೇಳು."

ಶಂಕರಣ್ಣ ಊಟಕ್ಕೆ ಕೂರಲಿಲ್ಲ. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ. ಗುಂಡಿ ಹಾಕುತ್ತಲೇ ಬಾಗಿಲಿಗೆ ನಡೆದ.

"ಒಂದು ಗಳಿಗೆ ಮನೆಗೆ ಹೋಗಿ ಬರ್ತೆ ತಮಾ. ಗಂಗೆಗೆ ಹೇಳ್ಬೇಕು."

"ಹೇಳು ಹೇಳು. ಕೆಲಸ ಉಳೀತು ಅಂದ್ರೆ ಕುಣೀತಾಳೆ" ಎಂದೆ.

"ಅದಲ್ಲ. ಕೆಲಸ ಹೋಗಿತ್ತು ಅಂತ ಹೇಳ್ಬೇಕು" ಎಂದ ಶಂಕರಣ್ಣ. "ಇಷ್ಟು ದಿನ ಬಾಯಿ ಬರ್ಲಿಲ್ಲ."